ತರಕಾರಿ ಬಟ್ಟಲಲ್ಲಿದ್ದ ಸಿಗಡಿ

“ತರಕಾರಿ ಬಲು ರುಚಿಯಾಗೈತೆ ಕಣೇ,” ಎನ್ನುತ್ತಾ ಪಕ್ಕದ ಮನೆಯ ಗಿರಿಜಮ್ಮ ಬ್ರೆಡ್ಡಿನ ಚೂರನ್ನು ಬಿಸಿ ಬಟ್ಟಲಿಗೆ ಇನ್ನೊಮ್ಮೆ ಅದ್ದಿದಾಗಲೇ ಅದು ಯಾವ ಬಟ್ಟಲೆಂದು ನಾನು ಗಮನಿಸಿದ್ದು. ತಿಪಟೂರಿನ ನಮ್ಮ ಮನೆಯಲ್ಲಿ ಅಂದು ಮಗಳ ಹುಟ್ಟುಹಬ್ಬ. ಆ ಬಟ್ಟಲಲ್ಲಿ ಪಾಲಕ್, ಕ್ಯಾಪ್ಸಿಕಂ, ಚೀಸ್ ಜೊತೆ ಸಿಗಡಿಯನ್ನೂ ಸಣ್ಣಗೆ ಹೆಚ್ಚಿ ಹಾಕಿ ಓವನ್‌ನಲ್ಲಿ ಬೇಯಿಸಿದ್ದೆ. ಕೊರಳಲ್ಲಿ ಲಿಂಗ ಧರಿಸಿದ ಗಿರಿಜಮ್ಮ ಮೊಟ್ಟೆಯನ್ನೂ ಮುಟ್ಟದವರು. ಅವರಿಗೆಂದು ಬೇರೆ ಬಟ್ಟಲು ಮಾಡಿದ್ದರೂ ಹೇಳಲು ಮರೆತಿದ್ದೆ. ಆಗಲೇ ತಡೆಯಬಹುದಿತ್ತು. ನೆಂಟರೆಲ್ಲ ನನ್ನ ಅಡುಗೆ ಹೊಗಳುತ್ತಿದ್ದರು, ಸುಮ್ಮನಿದ್ದುಬಿಟ್ಟೆ.

ಮಾರನೆಯ ಬೆಳಿಗ್ಗೆ ಅವರ ಮನೆಗೆ ಹೋಗಿ ಅಳುತ್ತಾ ಒಪ್ಪಿಕೊಂಡೆ.

“ಎರಡನೇ ತುತ್ತಿಗೇ ಗೊತ್ತಾಯ್ತು ಬುಡು. ಅಷ್ಟು ಜನದ ಮುಂದೆ ನಿನ್ನ ಮುಖ ಬಾಡೋದು ಬ್ಯಾಡ ಅಂತ ನುಂಗಿದೆ,” ಎಂದರು.

ನಾನು ಮೊದಲೇ ಒಂದು ಮಾತು ಹೇಳಿದ್ದರೆ ಅವರ ನೇಮ ಉಳಿಯುತ್ತಿತ್ತು. ಇವತ್ತಿಗೂ ಅವರ ಮುಖ ನೋಡಲು ನಾಚಿಕೆಯಾಗುತ್ತದೆ.