ಅಣ್ಣನ ಕುರ್ಚಿಯ ಕುಲುಕು

ಹೊನ್ನಾಳಿಯಲ್ಲಿ ನಮ್ಮದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಪಂಪ್‌ಸೆಟ್ಟು, ಗಿರಣಿ ಮೋಟಾರು, ಮಿಕ್ಸಿ, ಹೀಗೆ ಸುಟ್ಟು ಬಂದದ್ದನ್ನೆಲ್ಲ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದ್ದ ನಾನು ಮದುವೆಯಾದ ಮೇಲೆ ಗಂಡನ ಜೊತೆ ಈ ಅಂಗಡಿಯಲ್ಲೇ ಕೂತೆ. ಸುತ್ತುವ ಕೆಲಸವೆಲ್ಲ ನನ್ನದು, ಹೊರಗಿನ ಓಡಾಟ ಅವರದು.

ನನ್ನ ಅಣ್ಣ ನ್ಯಾಮತಿಯಲ್ಲಿರುತ್ತಾನೆ. ಖಾಸಗಿ ಬಸ್ಸು ಓಡಿಸುತ್ತಿದ್ದ. ಒಮ್ಮೆ ಬಸ್ಸಿನ ಮೇಲೆ ಲಗೇಜು ಕಟ್ಟಿ ಇಳಿಯುವಾಗ ಏಣಿಯಿಂದ ಕಾಲು ಜಾರಿತು. ಬೆನ್ನುಮೂಳೆಗೆ ಏಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಸ್ಪತ್ರೆಯ ಓಡಾಟವೆಲ್ಲ ಮುಗಿದ ಮೇಲೆ ನಾವೇ ಒಂದು ಬ್ಯಾಟರಿ ಗಾಲಿಕುರ್ಚಿ ತಂದುಕೊಟ್ಟೆವು. ಹಿಂದಿನ ಎರಡು ಗಾಲಿಗಳ ಒಳಗೇ ಮೋಟಾರು, ಕೈಹಿಡಿಯ ಮೇಲೆ ಒಂದು ಸಣ್ಣ ಕಡ್ಡಿ. ಅದನ್ನು ಮುಂದಕ್ಕೆ ಒತ್ತಿದರೆ ಸಾಕು, ಕುರ್ಚಿ ಹೊರಡುತ್ತಿತ್ತು.

ಮೊದಲ ವಾರ ಬೀದಿಯವರೆಲ್ಲ ಬಂದು ನೋಡಿದರು. ಆಮೇಲೆ ನಾನು ಹೋದಾಗಲೆಲ್ಲ ಆ ಕುರ್ಚಿ ಪಡಸಾಲೆಯ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ನಿಂತಿರುತ್ತಿತ್ತು. ಅಣ್ಣ ಮಂಚದ ಮೇಲೆ.

"ಯಾಕಣ್ಣ, ಹೊರಗೆ ಹೋಗ್ಲಿಲ್ವಾ?" ಎಂದರೆ, "ಇವತ್ತು ಬಿಸ್ಲು ಜಾಸ್ತಿ ಐತೆ" ಎನ್ನುತ್ತಿದ್ದ. ಮೋಡ ಕವಿದಿದ್ದ ದಿನವೂ ಇದೇ ಉತ್ತರ.

ಚನ್ನಗಿರಿಯಲ್ಲಿ ಅತ್ತಿಗೆಯ ಅಣ್ಣನ ಮಗಳ ಮದುವೆ ನಿಶ್ಚಯವಾಯಿತು. ಅಣ್ಣ ಬರುವುದಿಲ್ಲ ಎಂದುಬಿಟ್ಟ. ಆ ಹುಡುಗಿಯನ್ನು ಎತ್ತಿ ಆಡಿಸಿದವನು ಅವನು. ನನಗೆ ಸಿಟ್ಟು ಬಂದು ಅಡುಗೆಮನೆಗೆ ಹೋಗಿ ಅತ್ತಿಗೆಯನ್ನು ಕೇಳಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಆ ಕುರ್ಚಿ ಹೊಂಡೋವಾಗ ಗುಕ್ ಗುಕ್ ಅಂತೈತಮ್ಮ. ಹಂಗೆ ಅಂದ ಕೂಡ್ಲೆ ಸ್ವಾಧೀನ ಇಲ್ದಿದ್ರೂ ಇವರ ಕಾಲು ತಾವೇ ಸೆಟ್ಕೊಂಡು ನಡುಗಾಕೆ ಶುರುವಾಗ್ತಾವೆ. ಜನ ನೋಡ್ತಾರೆ ಅಂತ ಟವಲ್ನಾಗೆ ಎರಡೂ ಕಾಲು ಬಿಗಿದು ಕಟ್ಕೋತಿದ್ರು. ಮೊನ್ನೆ ಚರ್ಮ ಕಿತ್ತೋಗಿತ್ತು. ನಿಂಗೆ ಹೇಳ್ಬೇಡ ಅಂದಾರೆ. ಪ್ರೀತಿಯಿಂದ ತಂದ್ಕೊಟ್ಟಾಳೆ, ಬೇಜಾರಾಗ್ತಾಳೆ ಅಂತ."

ನಾನು ಹೊರಗೆ ಬಂದು ಬಟ್ಟೆ ಸರಿಸಿ, ಕುರ್ಚಿಯನ್ನು ಓರೆ ಮಾಡಿ, ಕರೆಂಟಿಲ್ಲದೆಯೇ ಗಾಲಿಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದೆ. ಅದು ಸಲೀಸಾಗಿ ತಿರುಗಲಿಲ್ಲ. ಸ್ವಲ್ಪ ತಡೆಯುವುದು, ಪಟ್ಟನೆ ಬಿಡುವುದು, ಮತ್ತೆ ತಡೆಯುವುದು. ಈ ಮೋಟಾರಿನ ಹೊರಬಳೆಗೆ ಒಳಗಿನಿಂದ ಆಯಸ್ಕಾಂತದ ಬಿಲ್ಲೆಗಳನ್ನು ಅಂಟಿಸಿರುತ್ತಾರೆ. ನಡುವೆ ತಂತಿ ಸುತ್ತಿದ ಕಬ್ಬಿಣದ ಹಲ್ಲುಗಳು. ಪ್ರತಿ ಬಿಲ್ಲೆಯೂ ತನ್ನೆದುರಿನ ಹಲ್ಲಿಗೆ ಕಚ್ಚಿಕೊಳ್ಳಲು ಹವಣಿಸುತ್ತದೆ. ಗಾಲಿ ಜೋರಾಗಿ ಓಡುವಾಗ ಇದು ಗೊತ್ತೇ ಆಗುವುದಿಲ್ಲ. ನಿಧಾನಕ್ಕೆ ಹೋಗುವಾಗ ಒಂದೊಂದು ಹಲ್ಲೂ ಕೂತವನ ಮೈಗೆ ತಾಗುತ್ತದೆ.

ಅಣ್ಣ ಮಂಚದಿಂದಲೇ ನೋಡುತ್ತಿದ್ದ. "ಅವಳು ಹೇಳಿದ್ಲೇನು?"

"ಹೇಳಿದ್ರು. ನೀನೇ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವನು ಗೋಡೆಯ ಕಡೆ ತಿರುಗಿದ. "ನನ್ ಬಸ್ನಾಗೆ ಬಾಣಂತೀರು ನಿದ್ದಿ ಮಾಡ್ಕೊಂಡು ಬರೋರು ತಂಗೀ. ಈಗ ನಾನೇ ಹಿಂಗೆ ಕುಲುಕ್ಕೊಂಡು ಹೋಗ್ಲಾ?" ಎಂದ. ಆ ಸಂಜೆಯೇ ಕುರ್ಚಿಯನ್ನು ಆಟೋದಲ್ಲಿ ಹೊನ್ನಾಳಿಗೆ ತಂದೆ.

ಮೊದಲು ಕಂಟ್ರೋಲರಿಗೆ ಕೈ ಹಾಕಿದೆ. ಮೋಟಾರಿಗೆ ಕರೆಂಟು ಹಂಚುವ ಪೆಟ್ಟಿಗೆ ಅದು. ಹಳೆಯದು ಕರೆಂಟನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸುತ್ತಿತ್ತು, ಹಾಗಾಗಿ ತಿರುಗಿಸುವ ಬಲವೂ ಏರಿ ಇಳಿಯುತ್ತಿತ್ತು. ಅಲೆಯ ಹಾಗೆ ನಯವಾಗಿ ಏರಿಳಿಸುವ ಬೇರೊಂದನ್ನು ತರಿಸಿ ಜೋಡಿಸಿದೆ. ಓಡುವಾಗ ಬರುತ್ತಿದ್ದ ಗುರ್ ಎನ್ನುವ ಸದ್ದು ನಿಂತಿತು. ಕುಲುಕು ಅರ್ಧಕ್ಕರ್ಧ ಇಳಿಯಿತು. ಸಂಭ್ರಮದಿಂದ ನಾನೇ ಕೂತು ಅಂಗಡಿಯೊಳಗೆ ಓಡಿಸಿದೆ. ಆದರೆ ಕಡ್ಡಿಯನ್ನು ತೀರಾ ಹಗುರವಾಗಿ ಒತ್ತಿದಾಗ ಆ ಹಲ್ಲಿನ ಕಚ್ಚಾಟ ಹಾಗೇ ಉಳಿದಿತ್ತು.

ಮೋಟಾರು ಬಿಚ್ಚಿದೆ. ಕಬ್ಬಿಣದ ಹಲ್ಲುಗಳು ನೆಟ್ಟಗೆ ನಿಂತಿದ್ದವು. ಬಿಲ್ಲೆಯ ಅಂಚು ಹಲ್ಲಿನ ಅಂಚಿಗೆ ಇಡಿಯಾಗಿ ಒಮ್ಮೆಲೇ ಎದುರಾಗುತ್ತಿತ್ತು. ಹಲ್ಲುಗಳನ್ನು ಸ್ವಲ್ಪ ಓರೆಯಾಗಿ ಜೋಡಿಸಿದ್ದರೆ ಒಂದು ತುದಿ ಬಿಡುವಾಗ ಇನ್ನೊಂದು ತುದಿ ಹಿಡಿಯುತ್ತದೆ, ಎಳೆತ ಹಂಚಿಹೋಗುತ್ತದೆ. ಓದುವಾಗ ಕಲಿತದ್ದೇ. ಆದರೆ ಆ ಹಲ್ಲುಗಳಾಗಿ ಒತ್ತಿ ಕೂರಿಸಿದ ಕಬ್ಬಿಣದ ತಗಡುಗಳನ್ನು ನನ್ನ ಅಂಗಡಿಯಲ್ಲಿ ತಿರುಚಲು ಸಾಧ್ಯವಿರಲಿಲ್ಲ.

ನನ್ನ ಜೊತೆ ಓದಿದವಳೊಬ್ಬಳು ಜಗಳೂರಿನಲ್ಲಿ ಬ್ಯಾಟರಿ ಗಾಡಿಗಳ ರಿಪೇರಿ ಮಾಡುತ್ತಾಳೆ. ಫೋನ್ ಮಾಡಿದೆ. "ಓರೆ ಹಲ್ಲಿನ ಜೋಡಿ ಒಂದೈತೆ ಕಣೆ, ತಂತಿ ಸುಟ್ಟೋಗೈತೆ. ಅಳತೆ ಕೂಡುತ್ತೋ ಇಲ್ವೋ, ಬಂದು ನೋಡು" ಎಂದಳು. ನಿನ್ನ ಮೋಟಾರನ್ನೇ ಕಟ್ಟಿಕೊಂಡು ಬಾ ಎಂದೂ ಹೇಳಿದಳು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ಕೂಡಿತು! ಇಬ್ಬರೂ ನೆಲದ ಮೇಲೆ ಕೂತು ಕರಕಲು ತಂತಿಯನ್ನೆಲ್ಲ ಕಿತ್ತೆವು. ಅವಳು ಊಟ ಹಾಕದೆ ಬಿಡಲಿಲ್ಲ.

ಆ ಜೋಡಿಗೆ ತಂತಿ ಸುತ್ತಿದ್ದು ನಾನು. ಸಾವಿರಾರು ಮೋಟಾರು ಸುತ್ತಿದ ಕೈ, ಆದರೂ ಎರಡು ಸಲ ಬಿಚ್ಚಿ ಮತ್ತೆ ಸುತ್ತಿದೆ. ಒಂದೆಳೆ ಸಡಿಲವಾಗಿ ಕೂತರೂ ಅಣ್ಣನ ಕಾಲು ಕಣ್ಣೆದುರು ಬರುತ್ತಿತ್ತು. ಎಲ್ಲ ಜೋಡಿಸಿ ಗಾಲಿಯನ್ನು ಬೆರಳಿನಿಂದ ತಳ್ಳಿದೆ. ತಡೆ ಪೂರ್ತಿ ಹೋಗಿರಲಿಲ್ಲ. ಹುಡುಕಿದರೆ ಮಾತ್ರ ಸಿಗುವಷ್ಟು ಉಳಿದಿತ್ತು.

ನ್ಯಾಮತಿಗೆ ಒಯ್ದಾಗ ಅಣ್ಣ ಟವೆಲಿಗೆ ಕೈ ಚಾಚಿದ. ನಾನು ಕೊಡಲಿಲ್ಲ. ಅವನು ನನ್ನ ಮುಖವನ್ನು ಒಮ್ಮೆ ನೋಡಿ, ಕಡ್ಡಿಯನ್ನು ಒತ್ತಿದ. ಕುರ್ಚಿ ಹೊರಟದ್ದೇ ತಿಳಿಯಲಿಲ್ಲ. ಪಡಸಾಲೆ ದಾಟಿ, ಹೊಸ್ತಿಲಿಗೆ ಹಾಕಿದ್ದ ಹಲಗೆ ಇಳಿದು, ಬೀದಿಯ ಸಿಮೆಂಟು ರಸ್ತೆಗೆ ಹೋಯಿತು. ಕಾಲುಗಳು ಇಟ್ಟಲ್ಲೇ ಇದ್ದವು. ಅವನು ತಿರುವಿನವರೆಗೆ ಹೋಗಿ, ಅಲ್ಲೇ ನಿಂತುಬಿಟ್ಟ. ಏನೋ ಆಯಿತೆಂದು ನಾನು ಓಡಿದೆ. ಅಳುತ್ತಿದ್ದ. "ಸುಮ್ನಿರು, ಏನಾಗಿಲ್ಲ" ಎಂದು ನನ್ನನ್ನೇ ಗದರಿದ.

ಚನ್ನಗಿರಿಯ ಮದುವೆಗೆ ಅವನು ಬಂದ. ಛತ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳು, ಸೀರೆಯ ಸೆರಗುಗಳು, ಪಾನಕದ ಲೋಟ ಹಿಡಿದವರು. ಆ ಸಂದಣಿಯಲ್ಲಿ ಗೇಣು ಗೇಣು ಮುಂದೆ ಸಾಗಿ, ನಿಂತು, ಮತ್ತೆ ಸಾಗಿ, ಒಬ್ಬರಿಗೂ ತಾಕದೆ ಮಂಟಪದ ಬಳಿ ಹೋಗಿ ಅಕ್ಷತೆ ಹಾಕಿದ. ಮದುಮಗಳು ಬಗ್ಗಿ ಅವನ ಕೈ ಹಿಡಿದುಕೊಂಡಳು. ಒಂದು ಸಲ ಅವನ ಕಾಲು ನಡುಗಿತು. ಅವನು ನನ್ನ ಕಡೆ ನೋಡಿ ನಕ್ಕ. "ಇದು ನಿನ್ ಮೋಟಾರಿಂದಲ್ಲ ಬಿಡು, ನಂದೇ."

ಊಟ ಮುಗಿಸಿ ಹೊರಟಾಗ ನಾನು ಹಿಂದೆ ಉಳಿದು ಅವರಿಬ್ಬರನ್ನು ನೋಡುತ್ತ ನಿಂತೆ. ಆಸ್ಪತ್ರೆಯ ಓಡಾಟದ ದಿನಗಳಲ್ಲಿ, ತಳ್ಳುವ ಕುರ್ಚಿ ಇದ್ದಾಗ, ಅತ್ತಿಗೆ ಯಾವಾಗಲೂ ಅವನ ಬೆನ್ನ ಹಿಂದೆಯೇ ಇರಬೇಕಾಗಿತ್ತು, ಮಾತಾಡಿದರೆ ಮುಖ ಕಾಣುತ್ತಿರಲಿಲ್ಲ. ಈಗ ಅವರು ಪಕ್ಕದಲ್ಲಿ ನಡೆಯುತ್ತಿದ್ದರು. ಬೀಗರ ಕಡೆಯವರ ವಿಷಯ ಏನೋ ಹೇಳುತ್ತಿದ್ದರು, ಅಣ್ಣ ತಲೆಯೆತ್ತಿ ಕೇಳಿಸಿಕೊಳ್ಳುತ್ತ ಅವರ ಹೆಜ್ಜೆಗೆ ಸಮನಾಗಿ ಹೋಗುತ್ತಿದ್ದ.