ಅಳಿಲು ಕಂಪನಿಯ ಅತಿ ಕಳಪೆ ಚಿತ್ರ

ಅನುಮಾನ ನನಗೆ ಹುಟ್ಟಿನಿಂದ ಬಂದ ಗುಣ. ಹಾಲಿನವಳು ಹಾಲು ಸುರಿಯುವಾಗ ಎಲ್ಲರೂ ಪಾತ್ರೆ ನೋಡಿದರೆ ನಾನು ಅವಳ ಮುಖ ನೋಡುತ್ತೇನೆ. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಟ್ಟರೆ, ಸೀಟು ಒದ್ದೆಯಾಗಿದೆಯೇನೋ ಎಂದು ಮುಟ್ಟಿ ನೋಡಿಯೇ ಕೂರುತ್ತೇನೆ. ಅಪ್ಪ ನನ್ನನ್ನು ‘ಸಬ್ ಇನ್ಸ್‌ಪೆಕ್ಟರ್’ ಎಂದು ಕರೆಯುತ್ತಿದ್ದರು. ನಾನದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಈ ಗುಣದಿಂದ ಎಷ್ಟೋ ಸಲ ಮೋಸಹೋಗುವುದು ತಪ್ಪಿದೆ, ಸುಳ್ಳಲ್ಲ. ಆದರೆ ಒಂದು ಸಲ ಅದು ನನ್ನ ಗೆಳತಿಯ ದಾರಿಗೆ ಅಡ್ಡ ಬಂತು. ಅದೂ ಒಂದು ಗೊಂಬೆ ಪಿಚ್ಚರಿನ ವಿಷಯಕ್ಕೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಂಡ್ಯದಲ್ಲಿ ಬಿ.ಎ. ಮುಗಿಸಿದ ನಾನು ಮಳವಳ್ಳಿಯ ಒಂದು ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿದ್ದೆ. ವಾರವೆಲ್ಲ ಅಲ್ಲೇ ಸೋದರತ್ತೆಯ ಮನೆಯಲ್ಲಿ ಇದ್ದು, ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಮಂಡ್ಯಕ್ಕೆ ಹೋಗುತ್ತಿದ್ದೆ. ಕಾಲೇಜಿನಲ್ಲಿ ಮೂರು ವರ್ಷ ನನ್ನ ಪಕ್ಕ ಕೂತಿದ್ದ ಗೆಳತಿ ಅದೇ ಶಾಲೆಯಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದಳು. ಅವಳು ದಿನಾ ಕಿರುಗಾವಲಿನಿಂದ ಬಂದುಹೋಗುತ್ತಿದ್ದಳು. ತಂದೆ ಇರಲಿಲ್ಲ, ಅಣ್ಣನೇ ಮನೆಯ ಯಜಮಾನ. ಊರಿನ ಬಸ್‌ಸ್ಟಾಂಡಿನ ಎದುರಿಗೆ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ.

ಆಗ ಮಂಡ್ಯದ ಒಂದು ಟಾಕೀಸಿನಲ್ಲಿ ಭಾನುವಾರ ಬೆಳಗಿನ ಆಟಕ್ಕೆ ಇಂಗ್ಲಿಷ್ ಚಿತ್ರ ಹಾಕುತ್ತಿದ್ದರು. ಎರಡು ಮೂರು ತಿಂಗಳಿಗೊಮ್ಮೆ ಗೊಂಬೆ ಪಿಚ್ಚರ್ ಬರುತ್ತಿತ್ತು. ಗೊಂಬೆ ಎಂದರೆ ಕೈಯಲ್ಲಿ ಬರೆದು ಓಡಾಡಿಸುವ ಚಿತ್ರಗಳು. ಅವುಗಳಲ್ಲಿ ಒಂದು ಕಂಪನಿಯ ಚಿತ್ರಗಳೆಂದರೆ ನಮಗಿಬ್ಬರಿಗೂ ಪ್ರಾಣ. ಚಿತ್ರ ಶುರುವಾಗುವ ಮೊದಲು ಒಂದು ಅಳಿಲು ಬಣ್ಣದ ಡಬ್ಬಿ ಉರುಳಿಸಿಕೊಂಡು ಬರುತ್ತಿತ್ತು, ಚೆಲ್ಲಿದ ಬಣ್ಣವೇ ಕಂಪನಿಯ ಹೆಸರಾಗುತ್ತಿತ್ತು. ನಾವು ಅದನ್ನು ಅಳಿಲು ಕಂಪನಿ ಎನ್ನುತ್ತಿದ್ದೆವು. ಬೇರೆ ಸಿನಿಮಾಕ್ಕೆ ಹೋಗುತ್ತೇವೆಂದರೆ ಮನೆಯಲ್ಲಿ ನೂರು ಪ್ರಶ್ನೆ ಕೇಳುತ್ತಿದ್ದರು. ಅಳಿಲು ಕಂಪನಿ ಎಂದರೆ ಯಾರೂ ಚಕಾರ ಎತ್ತುತ್ತಿರಲಿಲ್ಲ. ಕಪ್ಪೆ, ಒಂಟೆ ಮಾತಾಡುವುದನ್ನು ನೋಡಿ ಯಾವ ಹುಡುಗಿ ಕೆಟ್ಟಾಳು ಎಂದು ಅವರಿಗೆ ಧೈರ್ಯ.

ಸೋಮವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಕೂಡಲೇ ನಮ್ಮ ವಾದ ಶುರು. ಯಾವ ಚಿತ್ರ ಚೆನ್ನಾಗಿದೆ ಎನ್ನುವುದರಲ್ಲಿ ಜಗಳಕ್ಕೆ ಜಾಗವಿರಲಿಲ್ಲ, ಇಬ್ಬರಿಗೂ ಎಲ್ಲವೂ ಚೆನ್ನ. ಯಾವುದು ಎಲ್ಲಕ್ಕಿಂತ ಕಳಪೆ ಎನ್ನುವುದಕ್ಕೇ ಗಂಟಲು ಹರಿದುಕೊಳ್ಳುತ್ತಿದ್ದೆವು. ಟೋಪಿ ಹೊಲಿಯುವ ಮುಳ್ಳುಹಂದಿಯ ಚಿತ್ರವೇ ಕಳಪೆ ಎಂದು ಗೆಳತಿಯ ವಾದ. ‘ಮೈಯಲ್ಲಿರೋ ಮುಳ್ನೆಲ್ಲ ಕಿತ್ತು ಸೂಜಿ ಮಾಡ್ಕೊಂಡ್ರೆ, ಕೊನೇಗೆ ಅದು ಮುಳ್ಳಂದೀನೇ ಅಲ್ಲ ಕಣೇ, ಬರೀ ಅಂದಿ’ ಎನ್ನುತ್ತಿದ್ದಳು. ನಾನು ಮುಳ್ಳುಹಂದಿಯ ಪರ. ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದ ಇನ್ನೊಬ್ಬರು ವಯಸ್ಸಾದ ಟೀಚರ್. ಅವರೂ ಕಿರುಗಾವಲಿನವರೇ, ಗೆಳತಿಯ ಪಕ್ಕದ ಮನೆ. ಅವರು ಸಿನಿಮಾ ನೋಡುತ್ತಿರಲಿಲ್ಲ, ನಮ್ಮನ್ನು ನೋಡುತ್ತಿದ್ದರು.

ಆ ವರ್ಷ ನಾವಿಬ್ಬರೂ ಬಿ.ಎಡ್.ಗೆ ಅರ್ಜಿ ಹಾಕಿದ್ದೆವು. ಅವಳಿಗೆ ಮೈಸೂರಿನಲ್ಲಿ ಸೀಟು ಸಿಕ್ಕಿತು, ನನಗೆ ಸಿಗಲಿಲ್ಲ. ಹಾಸ್ಟೆಲಿನಲ್ಲಿ ಇರಬೇಕು ಎಂದು ಅವಳ ಅಣ್ಣ ಬಹಳ ದಿನ ಹಿಂದೆ ಮುಂದೆ ನೋಡಿ ಕೊನೆಗೂ ಒಪ್ಪಿದ್ದ. ಬಿ.ಎಡ್. ಆದರೆ ಹೈಸ್ಕೂಲು, ಖಾಯಂ ಕೆಲಸ. ಅವಳು ಟ್ರಂಕು ಕೂಡ ತಂದಿಟ್ಟುಕೊಂಡಿದ್ದಳು. ನನಗೆ ಸಂತೋಷವಾಯಿತು ಎಂದೇ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಈಗ ಹೇಳುತ್ತೇನೆ, ಆಗಿರಲಿಲ್ಲ. ಅವಳಿಗಿಂತ ನನಗೆ ಹನ್ನೊಂದು ನಂಬರು ಜಾಸ್ತಿ ಬಂದಿತ್ತು. ಇದರಲ್ಲಿ ಏನೋ ನಡೆದಿದೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಅದೇ ಸಮಯಕ್ಕೆ ಕೊಕ್ಕರೆಯ ಚಿತ್ರ ಬಂತು. ನಾನು ಮಂಡ್ಯದಲ್ಲಿ ನೋಡಿದೆ. ಒಬ್ಬ ಮುದಿ ಅಂಬಿಗ, ಅವನ ಮೀನು ಕದಿಯುವ ಒಂದು ಕೊಕ್ಕರೆ. ಅಂಬಿಗ ಹುಟ್ಟು ಎತ್ತಿಕೊಂಡು ಅದನ್ನು ಹೊಳೆಯುದ್ದಕ್ಕೂ ಅಟ್ಟಿಸಿಕೊಂಡು ಹೋಗುತ್ತಾನೆ, ಸಿಕ್ಕರೆ ಕೊಂದೇಬಿಡುವ ಹಾಗೆ. ಮರುಕ್ಷಣ ನೋಡಿದರೆ ಇಬ್ಬರೂ ಒಂದೇ ದೋಣಿಯಲ್ಲಿ ಕೂತು ಕಣ್ಣೀರು ಹಾಕುತ್ತಿದ್ದಾರೆ! ಯಾಕೆ, ಏನಾಯಿತು, ಒಂದೂ ತಿಳಿಯಲಿಲ್ಲ. ಅಂಬಿಗ ಅಟ್ಟಿಸಿಕೊಂಡು ಹೋಗುವಾಗ ಗಡಗಡ ಎಂದು ಏನೋ ಒಂದು ಮಾತು ಹೇಳಿದ್ದ, ಕಾರಣ ಅದರಲ್ಲೇ ಇರಬೇಕು, ನನಗೆ ತಪ್ಪಿಹೋಯಿತು ಎಂದುಕೊಂಡೆ. ಅಕ್ಕಪಕ್ಕ ನೋಡಿದೆ. ಟಾಕೀಸಿನಲ್ಲಿ ಒಬ್ಬರೂ ಪಿಟಕ್ಕೆನ್ನಲಿಲ್ಲ. ಎಲ್ಲರಿಗೂ ಅರ್ಥವಾಗಿದೆ, ಇಂಗ್ಲಿಷ್ ಟೀಚರಾದ ನನಗೊಬ್ಬಳಿಗೇ ಆಗಿಲ್ಲ ಎಂದರೆ ಮರ್ಯಾದೆಯ ಪ್ರಶ್ನೆ. ಚಿತ್ರವೇ ಸರಿಯಿಲ್ಲ ಎಂದು ತೀರ್ಮಾನ ಮಾಡಿಕೊಂಡು ಹೊರಗೆ ಬಂದೆ. ಸೋಮವಾರ ಡಬ್ಬಿ ಬಿಚ್ಚುವ ಮೊದಲೇ ಘೋಷಿಸಿದೆ: ‘ಅಳಿಲು ಕಂಪನಿಯ ಅತಿ ಕಳಪೆ ಚಿತ್ರ ಸಿಕ್ಕಿತು. ಮುಳ್ಳುಹಂದಿ ಖುಲಾಸೆ.’

ಗೆಳತಿ ಮುಂದಿನ ಭಾನುವಾರ ಅದನ್ನು ಮದ್ದೂರಿನಲ್ಲಿ ನೋಡಿದಳು. ಅಲ್ಲಿ ಅವಳ ಚಿಕ್ಕಮ್ಮನ ಮನೆಯಿತ್ತು. ಚಿಕ್ಕಮ್ಮನಿಗೆ ಅವತ್ತು ಜ್ವರ, ಆದ್ದರಿಂದ ಒಬ್ಬಳೇ ಹೋಗಿದ್ದಳಂತೆ. ಸೋಮವಾರ ಬಂದವಳ ಮುಖ ಅರಳಿತ್ತು.

‘ನಿಂಗೆ ಕಣ್ಣು ಕಾಣ್ಸುತ್ತೇನೇ? ಕಳಪೆ ಅಂತೆ! ಆ ಕಂಪ್ನೀಲಿ ಅಂಥ ಪಿಚ್ಚರೇ ಬಂದಿಲ್ಲ. ಮುದುಕ ತನ್ನ ಹೊಸಾ ಬಲೇನ ಕತ್ತರಿಸಾಕೋವಾಗ ನಂಗೆ ಅಳು ತಡಿಯಕ್ಕಾಗ್ಲಿಲ್ಲ’ ಎಂದಳು.

‘ಯಾವ ಬಲೆ?’

‘ಕೊಕ್ಕರೆ ಸಿಕ್ಕಾಕೊಂಡಿತ್ತಲ್ಲ ಆ ಬಲೆ. ಬುಡಿಸೋಕೆ ಓದಷ್ಟೂ ಬಿಗಿಯಾಗುತ್ತೆ, ನೀರು ಏರ್ತಾನೇ ಇರುತ್ತೆ. ಇರೋದೊಂದೇ ಬಲೆ, ವರ್ಷವೆಲ್ಲಾ ಕೂತು ಹೆಣೆದಿದ್ದು. ಕೊನೇಗೆ ಚಾಕು ತಗೊಂಡು...’

ನಾನು ತುತ್ತು ಡಬ್ಬಿಯಲ್ಲೇ ಬಿಟ್ಟೆ. ಚಿತ್ರದಲ್ಲಿ ಬಲೆಯೇ ಇರಲಿಲ್ಲ. ಮೊದಲಿಂದ ಕೊನೆಯವರೆಗೂ ಕಣ್ಣು ಮುಚ್ಚದೆ ನೋಡಿದ್ದೇನೆ, ಬಲೆಯ ಒಂದು ಎಳೆಯೂ ಇರಲಿಲ್ಲ. ಮಂಡ್ಯದಲ್ಲಿ ಒಂದು ಭಾನುವಾರ ಆಡಿದ ಚಿತ್ರದ ರೀಲುಗಳ ಪೆಟ್ಟಿಗೆಯೇ ಮುಂದಿನ ವಾರ ಮದ್ದೂರಿಗೆ ಹೋಗುತ್ತಿತ್ತು. ಆ ತಗಡಿನ ಪೆಟ್ಟಿಗೆಯನ್ನು ಬಸ್ಸಿನ ಟಾಪಿಗೆ ಏರಿಸುವುದನ್ನು ನಾನೇ ಕಣ್ಣಾರೆ ನೋಡಿದ್ದೆ. ಪೆಟ್ಟಿಗೆ ಅದೇ ಆದ ಮೇಲೆ ಚಿತ್ರವೂ ಅದೇ. ಹಾಗಾದರೆ ಇವಳು ಚಿತ್ರ ನೋಡಿಲ್ಲ. ನೋಡಿಲ್ಲವೆಂದರೆ ಆ ಮೂರು ಗಂಟೆ ಎಲ್ಲಿದ್ದಳು? ಚಿಕ್ಕಮ್ಮ ಕಂಡಿದ್ದು ಇವಳು ಮನೆಯಿಂದ ಹೊರಟಿದ್ದನ್ನು, ಟಾಕೀಸಿನೊಳಗೆ ಕೂತಿದ್ದನ್ನಲ್ಲ. ಅಷ್ಟು ಹೊತ್ತಿಗೆ ನನ್ನ ತಲೆ ಮೈಸೂರಿನ ಸೀಟಿನವರೆಗೂ ಓಡಿಹೋಗಿತ್ತು. ಗುಟ್ಟಾಗಿ ಯಾರನ್ನೋ ಕಾಣುತ್ತಿದ್ದಾಳೆ, ಸೀಟು ಕೊಡಿಸಿದವರೂ ಅವರೇ ಇರಬೇಕು ಎನ್ನುವಷ್ಟು ದೂರ.

‘ಮದ್ದೂರಿಗೆ ಹೋಗಿದ್ದು ನಿಜ. ಪಿಚ್ಚರ್‌ಗೆ ಹೋಗಿದ್ದು ಸುಳ್ಳು’ ಎಂದೆ. ‘ಅದರಲ್ಲಿ ಬಲೆಯೇ ಇಲ್ಲ ಕಣೇ. ನಿಜ ಹೇಳು, ಅವತ್ತು ಎಲ್ಲಿಗೆ ಹೋಗಿದ್ದೆ?’

ಅವಳು ಮೊದಲು ನಕ್ಕಳು. ನಾನು ನಗಲಿಲ್ಲ. ಆಗ ಅವಳ ಮುಖ ಚಿಕ್ಕದಾಯಿತು. ಹಿರಿಯ ಟೀಚರ್ ಊಟ ಮಾಡುವುದನ್ನು ನಿಲ್ಲಿಸಿ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. ಗೆಳತಿ ಡಬ್ಬಿ ಮುಚ್ಚಿಕೊಂಡು ಎದ್ದುಹೋದಳು. ಎದ್ದುಹೋಗಿದ್ದೇ ನನಗೆ ಸಾಕ್ಷಿಯಾಯಿತು.

ಬುಧವಾರ ಹಿರಿಯ ಟೀಚರೇ ಸುದ್ದಿ ತಂದರು. ‘ಅವ್ರಣ್ಣ ಮೈಸೂರು ಬ್ಯಾಡ ಅಂದ್ಬುಟ್ನಂತೆ ಕಣಮ್ಮ. ಊರಲ್ಲಿ ನಾನೇನೂ ಜಾಸ್ತಿ ಏಳ್ಲಿಲ್ಲಪ್ಪ, ನೀನು ಕೇಳಿದ್ ಮಾತು ಅಷ್ಟೇ ಏಳ್ದೆ.’

ನನಗೆ ದಿಗಿಲಾಯಿತು. ಕಾಲೇಜಿಗೆ ಸೇರುವುದಕ್ಕೆ ಶುಕ್ರವಾರ ಕಡೆಯ ದಿನವೆಂದು ಗೊತ್ತಿತ್ತು. ಅವತ್ತೇ ಸಂಜೆ ಕಿರುಗಾವಲಿನ ಬಸ್ಸು ಹತ್ತಿ, ಬಾಯಿ ತಪ್ಪಿ ಆಡಿದೆ ಎಂದು ಅವಳ ಅಣ್ಣನಿಗೆ ಹೇಳಿದ್ದರೆ ಸಾಕಿತ್ತು. ಹೋಗಲಿಲ್ಲ. ನಾನು ಹೇಳಿದ್ದು ಸುಳ್ಳಲ್ಲವಲ್ಲ, ಬಲೆ ಇರಲಿಲ್ಲವಲ್ಲ! ಅದನ್ನು ರುಜುವಾತು ಮಾಡಿಬಿಟ್ಟರೆ ನನ್ನ ಮನಸ್ಸು ಹಗುರವಾಗುತ್ತದೆ ಎಂದು ಭಾನುವಾರದವರೆಗೆ ಕಾದೆ.

ಮಂಡ್ಯದ ಟಾಕೀಸಿನ ಆಪರೇಟರ್ ಸಾಬರು ನಮ್ಮ ಬೀದಿಯವರೇ. ಬಿಡುವಿದ್ದಾಗ ಮನೆಯ ಜಗಲಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರ ಹತ್ತಿರ ಹೋಗಿ, ಕೊಕ್ಕರೆ ಚಿತ್ರದಲ್ಲಿ ಬಲೆ ಕತ್ತರಿಸುವುದು ಇತ್ತೇ ಎಂದು ಕೇಳಿದೆ. ಇಲ್ಲ ಎನ್ನುವ ಒಂದು ಮಾತು ಅವರ ಬಾಯಿಂದ ಬಂದರೆ ಸಾಕಾಗಿತ್ತು.

‘ಬಲೇದಾ? ಐದನೇ ರೀಲು ಟೀಚರಮ್ಮಾ’ ಎಂದರು ತಲೆ ಎತ್ತದೆ. ‘ಅವತ್ತು ಕರೆಂಟ್ ಹೋಗಿ ಆಟ ಲೇಟಾಗಿ ಶುರುವಾಯ್ತು. ಮ್ಯಾಟ್ನಿಗೆ ಹೊರಗಡೆ ಜನ ಗೇಟು ಮುರೀತಿದ್ರು. ಮ್ಯಾನೇಜರ್ ಬಂದು ಒಂದು ರೀಲು ಹಾರಿಸಿಬಿಡು ಅಂದ್ರು. ಹಾರಿಸಿದೆ. ಮದ್ದೂರಲ್ಲಿ ಪೂರ್ತಿ ಹಾಕಿರ್ತಾರೆ.’

‘ಜನ ಸುಮ್ಮನಿದ್ದರಲ್ಲ?’ ಎಂದೆ.

‘ಕನ್ನಡ ಪಿಚ್ಚರಲ್ಲಿ ಒಂದು ಹಾಡು ಬಿಟ್ರೂ ಕುರ್ಚಿ ಕಿತ್ತು ಎಸೀತಾರೆ. ಇಂಗ್ಲಿಷ್ ಪಿಚ್ಚರಲ್ಲಿ ಏನು ಬಿಟ್ರೂ ಕೇಳೋಲ್ಲ. ಅರ್ಥ ಆಗ್ದಿದ್ರೆ ತಮ್ದೇ ತಪ್ಪು ಅಂದ್ಕೊಂಡು ಸುಮ್ಮನೆ ಎದ್ದು ಹೋಗ್ತಾರೆ’ ಎಂದು ನಕ್ಕರು.

ಟಾಕೀಸಿನ ತುಂಬ ಜನ ತಮಗೆ ಅರ್ಥವಾಗಲಿಲ್ಲ ಎಂದುಕೊಂಡು ಸುಮ್ಮನೆ ಹೋಗಿದ್ದರು. ನಾನೊಬ್ಬಳು ಮಾತ್ರ ಹಾಗೆ ಸುಮ್ಮನಿರದೆ, ನನ್ನ ದಡ್ಡತನವನ್ನು ಚಿತ್ರದ ತಲೆಗೆ ಕಟ್ಟಿ, ಆಮೇಲೆ ಗೆಳತಿಯ ತಲೆಗೆ ಕಟ್ಟಿದ್ದೆ.

ಸೋಮವಾರ ಗೆಳತಿ ಶಾಲೆಗೆ ಬಂದಿರಲಿಲ್ಲ. ಹಿರಿಯ ಟೀಚರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ, ರೀಲು, ಕರೆಂಟು, ಮ್ಯಾಟ್ನಿ ಎಲ್ಲ. ಅವರು ಕೊನೆಯವರೆಗೂ ಕೇಳಿಸಿಕೊಂಡು, ‘ಗೆಳ್ತಿ ಅಲ್ವೇ, ಕಾಪಾಡ್ಬೇಕಾದ್ದೇ ಬುಡು’ ಎಂದು ಬೆನ್ನು ತಟ್ಟಿದರು. ಒಂದು ಮಾತನ್ನೂ ನಂಬಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೂ ನಂಬುತ್ತಿರಲಿಲ್ಲ.

ಸಂಜೆ ಕಿರುಗಾವಲಿಗೆ ಹೋದೆ. ಗೆಳತಿಯ ಅಣ್ಣ ಅಂಗಡಿಯಲ್ಲಿ ಯಾರಿಗೋ ಭತ್ತದ ಬೀಜ ಅಳೆಯುತ್ತಿದ್ದ. ಅವರು ಹೋಗುವವರೆಗೆ ಕಾದು, ತಪ್ಪೆಲ್ಲ ನನ್ನದು, ನಿಮ್ಮ ತಂಗಿ ಸುಳ್ಳು ಹೇಳಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

‘ನನ್ ತಂಗಿ ಸುಳ್ ಏಳಾಕಿಲ್ಲ ಅಂತ ನಂಗೊತ್ತಿಲ್ವೇನಮ್ಮ?’ ಎಂದ. ‘ಆದ್ರೆ ಇದೇ ಅಂಗ್ಡಿ ಮುಂದೆ ನಿಂತ್ಕಂಡು ಮೂರ್ ಜನ ಕೇಳುದ್ರು, ಏನಂತೆ ಮದ್ದೂರ್ ಸಮಾಚಾರ ಅಂತ. ಅಂಗ್ ಕೇಳುಸ್ಕಂಡ್ಮೇಲೆ ಆಸ್ಟ್ಲಿಗೆ ಎಂಗ್ ಕಳ್ಸ್ಲಿ? ನಾಳೆ ಅವ್ಳು ಊರಿಗ್ ಬರೋದು ಒಂದ್ ಬಸ್ಸು ತಡ ಆದ್ರೂ ಇದೇ ಮಾತು ಎತ್ತಾರೆ.’

‘ಈಗ ಎಲ್ಲರ ಮುಂದೆ ನಾನೇ ಹೇಳುತ್ತೇನೆ. ಕಾಲೇಜಿನವರನ್ನು ಬೇಕಾದರೆ...’

‘ಸುಕ್ರವಾರಕ್ಕೇ ಮುಗುದೋಯ್ತು. ಆ ಸೀಟು ಬ್ಯಾರೇರ್ಗೆ ಓಯ್ತು. ಓಗ್ಲಿ ಬುಡು. ಬಂದಿದ್ದೀಯ, ಕಾಪಿ ಕುಡ್ಕಂಡೋಗು, ಅವ್ಳು ಒಳ್ಗವ್ಳೆ.’

ಅಂಗಡಿಯ ಹಿಂದೆಯೇ ಮನೆ. ಗೆಳತಿ ಹಿತ್ತಿಲ ಬಾಗಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಮಣೆ ಸರಿಸಿದಳು. ನಾನು ಕೂತು ಕಡಲೆಕಾಯಿಗೆ ಕೈ ಹಾಕಿದೆ, ಅವಳು ಬೇಡವೆನ್ನಲಿಲ್ಲ. ಆಪರೇಟರ್ ಹೇಳಿದ್ದನ್ನು, ಐದನೇ ರೀಲಿನ ಕತೆಯನ್ನು ಹೇಳುವಾಗ ನನಗೆ ಅಳು ಬಂತು. ‘ಬಲೆ ಇತ್ತಂತೆ ಕಣೇ’ ಎಂದೆ.

‘ನನ್ ಮುಂದೆ ಯಾಕ್ ಏಳ್ತೀಯ? ನಾನ್ ನೋಡಿದ್ನಲ್ಲ, ನಂಗ್ ಗೊತ್ತು’ ಎಂದಳು.

ಕೋಪವಿರಲಿಲ್ಲ ಅವಳ ಮಾತಿನಲ್ಲಿ. ಕ್ಷಮಿಸು ಎಂದು ಕೇಳುವುದಕ್ಕೆ ಬಾಯಿ ಬರದೆ, ನಾನು ಅದರ ಬದಲು ನಮ್ಮ ಹಳೆಯ ವಾದಕ್ಕೆ ಕೈ ಹಾಕಿದೆ. ಸೋತವಳಂತೆ, ಅವಳಿಗೆ ಏನೋ ದೊಡ್ಡದಾಗಿ ಬಿಟ್ಟುಕೊಡುವವಳಂತೆ, ‘ನೀನು ಹೇಳಿದ್ದೇ ಸರಿ. ಅದು ಅಳಿಲು ಕಂಪನಿಯಲ್ಲೇ ಒಳ್ಳೆಯ ಚಿತ್ರ ಇರಬೇಕು. ಮುಳ್ಳುಹಂದಿಯೇ ಕಳಪೆ, ಒಪ್ಪಿದೆ’ ಎಂದೆ.

ಅವಳು ಸಿಪ್ಪೆಯನ್ನೆಲ್ಲ ಸೆರಗಿನಿಂದ ಕೊಡವಿ, ಬೀಜದ ಮೊರ ಎತ್ತಿಕೊಂಡು ಎದ್ದಳು.

‘ಇಲ್ಲ ಕಣೇ, ನೀನೇ ಗೆದ್ದೆ’ ಎಂದಳು. ‘ಆ ಕೊಕ್ಕರೇದಕ್ಕಿಂತ ಕೆಟ್ಟ ಪಿಚ್ಚರ್ ನಾನು ನೋಡೇ ಇಲ್ಲ.’

ಕಾಫಿ ತರಲು ಒಳಗೆ ಹೋದಳು.