ಹಗಲು ಬಾಗಿಲಿಲ್ಲದ ಮನೆ

ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಮೊದಮೊದಲ ದಿನಗಳಲ್ಲಿ ನನ್ನ ತರಗತಿಯೊಳಗೆ ಒಂದು ವಾಸನೆ ತುಂಬಿಕೊಳ್ಳುತ್ತದೆ. ಇನ್ನೂ ನೀರು ಕಾಣದ ಬಟ್ಟೆಯ ವಾಸನೆ. ಗಂಜಿಯದು, ಬಣ್ಣದ್ದು, ಎಲ್ಲೋ ಒಂದಿಷ್ಟು ಹೊಲಿಗೆ ಮಿಶಿನ್ನಿನ ಎಣ್ಣೆಯದು. ಮಂದ್ರೂಪದ ಕಬ್ಬಿನ ಹೊಲಗಳ ಬದಿಯಿಂದ ನಡೆದು ಬಂದ ಮಕ್ಕಳು ಹೊಸ ಯುನಿಫಾರ್ಮ್ ತೊಟ್ಟು, ತೋಳು ಮಡಚಲೂ ಅಂಜುತ್ತ ಗೊಂಬೆಗಳಂತೆ ಕೂತಿರುತ್ತಾರೆ. ಹಾಜರಿ ಕರೆಯುತ್ತಿದ್ದವಳು ನಡುವೆಯೇ ನಿಂತುಬಿಡುತ್ತೇನೆ. ಯಾವುದಾದರೂ ಮಗುವಿನ ಕಾಲರನ್ನು ಹೊರಳಿಸಿ ಒಳಗಿನ ಹೊಲಿಗೆ ನೋಡುತ್ತೇನೆ. ನಮ್ಮ ಬಾಯಿಗೆ, ಅಂದರೆ ಟೀಚರಿಗೆ, ಏನಾಗಿದೆ ಎಂದು ಮಕ್ಕಳು ತಮ್ಮತಮ್ಮಲ್ಲೇ ಮರಾಠಿಯಲ್ಲಿ ಪಿಸುಗುಡುತ್ತವೆ. ನೀವೂ ಒಂದು ವಾಸನೆಯ ಬೆನ್ನು ಹತ್ತಿ, ಈಗಿಲ್ಲದ ಮನೆಯೊಂದರ ತನಕ ಹೋಗಿ ಬಂದವರಾಗಿದ್ದರೆ ಇದು ನಿಮಗೆ ಹೊಸದಲ್ಲ.

ನಮ್ಮ ಮನೆ ಸೊಲ್ಲಾಪುರದ ಒಂದು ಇಕ್ಕಟ್ಟಿನ ಗಲ್ಲಿಯಲ್ಲಿತ್ತು. ಮೇಲೆ ತಗಡಿನ ಪತ್ರಾ, ಕೆಳಗೆ ಎರಡೇ ಕೋಣೆ. ಮುಂದಿನದನ್ನು ಪಡಸಾಲೆ ಎನ್ನುತ್ತಿದ್ದೆವು. ಅದರ ಒಂದು ಮೂಲೆಯೇ ಅಡುಗೆಮನೆ, ಇನ್ನೊಂದು ಮೂಲೆ ಬಚ್ಚಲು. ಒಳಕೋಣೆಗೆ ಒಂದು ಕಿಟಕಿಯಿತ್ತು, ಇಡೀ ಮನೆಗೆ ಅದೊಂದೇ. ಆ ಕಿಟಕಿಯ ಕೆಳಗೆ ಅವ್ವನ ಮಿಶಿನ್. ಅಪ್ಪ ಹೋಟಗಿಯಲ್ಲಿ ರೈಲ್ವೆ ಹಳಿಯ ಕೆಲಸಕ್ಕೆ ಹೋಗುತ್ತಿದ್ದ. ಅವನ ತಮ್ಮ, ನಮ್ಮ ಕಾಕಾ, ಸಾಮಾನು ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಆಯಿ, ಅಂದರೆ ಅಪ್ಪನ ತಾಯಿ, ಅಕ್ಕಲಕೋಟೆ ಕಡೆಯ ನಮ್ಮೂರಿನಿಂದ ಬಂದು ನಮ್ಮಲ್ಲೇ ಉಳಿದಿದ್ದಳು. ನಾನು, ನನ್ನ ಇಬ್ಬರು ತಮ್ಮಂದಿರು. ಇಷ್ಟು ಮಂದಿಯ ಜೊತೆಗೆ, ಬೇಸಿಗೆ ಬಂತೆಂದರೆ ಕಾರಖಾನೆಯ ಸೇಠ ಕಳಿಸಿದ ಬಟ್ಟೆಯ ಗಠಡಿಗಳು, ದೊಡ್ಡ ದೊಡ್ಡ ಗಂಟುಗಳು, ಬೇರೆ ಬಂದು ಕೂತುಕೊಳ್ಳುತ್ತಿದ್ದವು. ಯಾವ ಯಾವ ಊರಿನ ಶಾಲೆಗಳ ಅಂಗಿಗಳೋ ಏನೋ, ಎಲ್ಲ ನಮ್ಮ ಮನೆಯಲ್ಲೇ ಹುಟ್ಟುತ್ತಿದ್ದವು. ಹೊಲಿದು ಕಟ್ಟಿಟ್ಟ ಗಠಡಿಗಳ ಮೇಲೆಯೇ ಮಕ್ಕಳ ಹಾಸಿಗೆ. ನೀಲಿ ಶಾಲೆಯ ಮೇಲೆ ತಾನು ಮಲಗಬೇಕು, ಖಾಕಿ ಶಾಲೆ ಚುಚ್ಚುತ್ತದೆ ಎಂದು ತಮ್ಮಂದಿರು ದಿನವೂ ಜಗಳಾಡುತ್ತಿದ್ದರು.

ಆ ಮನೆಯಲ್ಲಿ ಒಂದೇ ಕೆಲಸ ಮಾಡಿಕೊಂಡಿರುವ ವಸ್ತು ಯಾವುದೂ ಇರಲಿಲ್ಲ. ಟ್ರಂಕು ಬಂದವರಿಗೆ ಕುರ್ಚಿ. ಹೊರಸಿನ ಕೆಳಗೆ ಜೋಳದ ಚೀಲ, ಹೊರಸಿನ ಮೇಲೆ ಹಗಲು ಕಾಜಾ-ಗುಂಡಿಯ ಡಬ್ಬಿಗಳು, ಕತ್ತಲಾದ ಮೇಲೆ ಆಯಿ. ಅವ್ವ ಜಾಗವನ್ನು ಗೋಡೆಯಿಂದ ಭಾಗ ಮಾಡುತ್ತಿರಲಿಲ್ಲ, ಹೊತ್ತಿನಿಂದ ಮಾಡುತ್ತಿದ್ದಳು. ಬೆಳಗಿನ ಹೊತ್ತು ಪಡಸಾಲೆ ಅಡುಗೆಯದು, ಅಪ್ಪನೂ ಕಾಕಾನೂ ಬುತ್ತಿ ಕಟ್ಟಿಕೊಂಡು ಹೊರಬಿದ್ದ ಮೇಲೆ ಬಟ್ಟೆ ಕಟಿಂಗಿನದು, ಶಾಲೆ ಬಿಟ್ಟ ಮೇಲೆ ನಮ್ಮ ಓದಿನದು. ಒಂದು ಹೊತ್ತು ಮುಗಿದು ಇನ್ನೊಂದು ಶುರುವಾಗುವಾಗ ಅವಳು ಒಮ್ಮೆ ಕಸ ಗುಡಿಸುತ್ತಿದ್ದಳು. ಅಷ್ಟಕ್ಕೇ ಅದು ಬೇರೆ ಕೋಣೆಯಾಗಿಬಿಡುತ್ತಿತ್ತು. ಇಕ್ಕಟ್ಟು ಎಂಬ ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದಿಲ್ಲ. ಇಕ್ಕಟ್ಟಿತ್ತೆಂದು ನನಗೆ ಗೊತ್ತಾದದ್ದೇ ದೊಡ್ಡವಳಾದ ಮೇಲೆ, ಬೇರೆಯವರ ಮನೆಗಳನ್ನು ನೋಡಿದ ಮೇಲೆ.

ಕಾಕಾನ ಮದುವೆಯಾಯಿತು. ಅವನ ಹೆಂಡತಿ, ನಮ್ಮ ಕಾಕು, ದುಧನಿ ಕಡೆಯವಳು, ಹೆಸರು ನೀಲವ್ವ. ಅವಳ ತಾಯಿ ಸಣ್ಣಂದಿನಲ್ಲೇ ತೀರಿಕೊಂಡಿದ್ದಳು. ತಂದೆ ಕುರಿ ಕಾಯುವವನು. ವರ್ಷದ ಬಹುಪಾಲು ಹಿಂಡಿನ ಜೊತೆ ಹೊಲದಿಂದ ಹೊಲಕ್ಕೆ ಅಲೆಯುತ್ತಿದ್ದ. ಕುರಿ ಎಲ್ಲಿ ಕೂತವೋ ಅಲ್ಲೇ ಮನೆ. ಕಾಕು ಬಂದ ದಿನದಿಂದ ಒಳಕೋಣೆಯ ರಾತ್ರಿಯ ಪಾಲು ಹೊಸ ಜೋಡಿಯದಾಯಿತು. ನಾವೆಲ್ಲ ಪಡಸಾಲೆಯಲ್ಲಿ ಇನ್ನಷ್ಟು ಒತ್ತಾಗಿ ಮಲಗಲು ಕಲಿತೆವು. ಹಗಲು ಅವಳು ಅವ್ವನ ಪಕ್ಕ ಕೂತು ಗುಂಡಿ ಹಚ್ಚುತ್ತಿದ್ದಳು. ಬಯಲಲ್ಲಿ ಬೆಳೆದವಳಾದ್ದರಿಂದ ಅವಳ ದನಿ ದೊಡ್ಡದು, ನಗು ಇನ್ನೂ ದೊಡ್ಡದು. ಮೊದಮೊದಲು ಅವಳು ಮಾತಾಡಿದರೆ ಗಲ್ಲಿಯ ಆ ತುದಿಯವರು ಇಣುಕಿ ನೋಡುತ್ತಿದ್ದರು. ಬರಬರುತ್ತ ದನಿ ತಗ್ಗಿಸಿಕೊಂಡಳು. ಅದನ್ನು ನೋಡಿ ಅವ್ವನಿಗೆ ಕೆಡುಕೆನಿಸಿತಂತೆ. ಮನೆ ಸಣ್ಣದೆಂದು ಮಾತನ್ನೂ ಸಣ್ಣದು ಮಾಡಿಕೊಳ್ಳಬೇಡ ಎಂದು ಹೇಳಿದಳೆಂದು ಕಾಕು ಇಂದಿಗೂ ನೆನೆಯುತ್ತಾಳೆ.

ಮರುವರ್ಷ ಕಾಕು ಬಸಿರಾದಳು. ದಿನ ತುಂಬುವುದು ಸರಿಯಾಗಿ ಜೂನಿನ ಬಾಯಿಗೆ, ಯುನಿಫಾರ್ಮಿನ ಹಂಗಾಮಿನಲ್ಲಿ. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು ಎಂಬುದು ನಮ್ಮಲ್ಲಿಯ ಪದ್ಧತಿ. ಆದರೆ ತಾಯಿಯಿಲ್ಲದ, ಮನೆಯೇ ಊರೂರು ಅಲೆಯುವ ತವರಿಗೆ ಅವಳನ್ನು ಕಳಿಸುವುದೆಂತು? ಬಾಣಂತಿಗೆ ಬೆಚ್ಚಗಿನ ಕೋಣೆ ಬೇಕು, ಕಿಟಕಿ ಮುಚ್ಚಿರಬೇಕು, ಗಾಳಿ ಸೋಕಬಾರದು. ನಮ್ಮಲ್ಲಿದ್ದ ಅಂಥ ಕೋಣೆ ಅದೊಂದೇ, ಆ ಕಿಟಕಿಯ ಬೆಳಕಿನಲ್ಲೇ ಅವ್ವನ ಹೊಲಿಗೆ. ಸೇಠ ಬಂದು ಪಡಸಾಲೆಯಲ್ಲಿ ನಿಂತು ನೋಡಿದ. ಈ ಸಲ ಕಾರಖಾನೆಗೇ ಬಂದು ಕೂತುಬಿಡಿ, ಇಲ್ಲದಿದ್ದರೆ ಗಠಡಿ ಬೇರೆಯವರಿಗೆ ಕೊಡುತ್ತೇನೆ ಎಂದ. ಒಮ್ಮೆ ಬೇರೆಯವರ ಕೈಗೆ ಹೋದ ಕೆಲಸ ಮತ್ತೆ ತಿರುಗಿ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವ್ವ ಕಾರಖಾನೆಗೆ ಹೋದರೆ ಬಾಣಂತಿಯನ್ನು ನೋಡುವವರು ಯಾರು? ಆಯಿಗೆ ಕಣ್ಣು ಮಂಜಾಗಿತ್ತು.

ಸಂಜೆ ಅಪ್ಪ ಒಂದು ಉಪಾಯ ಹೇಳಿದ. ನೀಲವ್ವನನ್ನು ಆಯಿಯ ಜೊತೆ ನಮ್ಮೂರಿಗೆ ಕಳಿಸೋಣ, ಹಳೆಯ ಮನೆ ಖಾಲಿಯಿದೆ, ಅಕ್ಕಲಕೋಟೆಯ ದವಾಖಾನೆ ದೂರವೇನಲ್ಲ ಎಂದ. ಕಾಕಾ ತಲೆ ತಗ್ಗಿಸಿ ಕೂತಿದ್ದ. ಕಾಕು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದವಳು ತಟ್ಟುವುದನ್ನು ನಿಲ್ಲಿಸಿರಲಿಲ್ಲ, ಆದರೆ ಸಪ್ಪಳ ಮೆತ್ತಗಾಗಿತ್ತು. ಅವ್ವ ಕೈಯಲ್ಲಿದ್ದ ಅಂಗಿಯ ದಾರವನ್ನು ಹಲ್ಲಿನಿಂದ ಕಡಿದು ಕೆಳಗಿಟ್ಟಳು.

“ತಾಯಿ ಇಲ್ಲದಾಕಿನ್ನ ಖಾಲಿ ಮನಿಗೆ ಕಳಸೂದು ಬ್ಯಾಡ್ರಿ. ಅಕೀಗೆ ತವರಮನಿ ಅಂತಂದ್ರ ಇದs. ಒಳಗಿನ ಖೋಲಿ ಅಕೀದು.”

“ಮತ್ತ ಮಿಶಿನ್?” ಎಂದ ಅಪ್ಪ.

“ಮಿಶಿನ್ನಿಗೇನು ಬಾಣಂತನ ಐತೇನ್ರಿ? ಎಲ್ಲಿ ಇಟ್ರೂ ಕುಂಡರತೈತಿ.”

ಕಾಕಾ ನಕ್ಕ. ಅಪ್ಪನೂ ನಕ್ಕ. ಕಾಕು ಮಾತ್ರ ನಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಮರುದಿನ ಮಿಶಿನ್ ಪಡಸಾಲೆಗೆ ಬಂತು. ಆದರೆ ಅಲ್ಲಿ ಕತ್ತಲು. ಕಟಿಂಗಿಗೆ ನೆಲವೂ ಉಳಿಯಲಿಲ್ಲ, ಏಕೆಂದರೆ ಒಳಕೋಣೆಯಲ್ಲಿದ್ದ ಗಠಡಿ, ಟ್ರಂಕು, ಡಬ್ಬಿಗಳೆಲ್ಲ ಹೊರಗೆ ಬಂದಿದ್ದವು. ಅವ್ವ ಹೊಸ್ತಿಲಲ್ಲಿ ನಿಂತು ಒಳಗೆ ಹೊರಗೆ ಬಹಳ ಹೊತ್ತು ನೋಡಿದಳು. ಆಮೇಲೆ ಮುಂಬಾಗಿಲ ಕಡೆ ತಿರುಗಿದಳು. ಅದು ಒಂದೇ ಹಲಗೆಯ ಹಳೆಯ ಬಾಗಿಲು, ಮೇಲಕ್ಕೆ ಎತ್ತಿದರೆ ಕೊಂಡಿಯಿಂದ ಕಳಚಿ ಬರುವಂಥದು. ಕಾಕಾನನ್ನು ಕರೆದು ಎತ್ತಿಸಿದಳು. ಎರಡು ಟ್ರಂಕುಗಳ ಮೇಲೆ ಅಡ್ಡ ಮಲಗಿಸಿದಾಗ ಅದು ಅಗಲವಾದ ಮೇಜಾಯಿತು. ಬಾಗಿಲು ಹೋದ ಜಾಗದಿಂದ ಗಲ್ಲಿಯ ಬೆಳಕೆಲ್ಲ ಪಡಸಾಲೆಗೆ ಸುರಿಯಿತು. ಬೆಳಕು ಬೇಕಿತ್ತು, ಮೇಜು ಬೇಕಿತ್ತು. ಒಂದೇ ಬಾಗಿಲು ಎರಡನ್ನೂ ಕೊಟ್ಟಿತು. ಅಂದಿನಿಂದ ಆ ಹಂಗಾಮು ಮುಗಿಯುವ ತನಕ ನಮ್ಮ ಮನೆಗೆ ಹಗಲು ಬಾಗಿಲಿರಲಿಲ್ಲ. ಬೆಳಿಗ್ಗೆ ಕಾಕಾ ಇಳಿಸುವುದು, ಸಂಜೆ ಅಪ್ಪ ಬಂದು ಏರಿಸುವುದು. ಗಲ್ಲಿಯ ಹೆಂಗಸರು ಹಾದುಹೋಗುವಾಗ ಒಳಗೆ ನೋಡದೆ ಹೋಗುವಂತಿರಲಿಲ್ಲ. ನೋಡಿದವರು ನಿಂತರು, ನಿಂತವರು ಕೂತರು, ಕೂತವರ ಕೈಗೆ ಅವ್ವ ಒಂದೊಂದು ಅಂಗಿ ಕೊಟ್ಟು ದಾರ ಕತ್ತರಿಸಲು ಹಚ್ಚಿದಳು.

ಹೆಣ್ಣುಮಗು ಹುಟ್ಟಿತು. ದವಾಖಾನೆಯಿಂದ ಬಂದ ಕಾಕು ಒಳಕೋಣೆ ಸೇರಿದಳು. ಆಯಿ ಆ ಕೋಣೆಯ ಬಾಗಿಲಿಗೆ ಒಂದು ಕಂಬಳಿ ಇಳಿಬಿಟ್ಟು, ಪುರುಡು ಕಳೆಯುವ ತನಕ ಯಾರೂ ಆಚೆ ದಾಟಬಾರದೆಂದು ಅಪ್ಪಣೆ ಮಾಡಿದಳು. ಒಳಗೆ ಅಗ್ಗಿಷ್ಟಿಕೆಯ ಕೆಂಡದ ಮೇಲೆ ಅಜವಾನ ಸುರಿದು ಹೊಗೆ ಹಾಕುವುದು, ಹೊರಗೆ ಮಿಶಿನ್ನಿನ ಓಟ. ಸಪ್ಪಳಕ್ಕೆ ಕೂಸು ಬೆಚ್ಚೀತೆಂದು ಅವ್ವ ಅಂಜಿದ್ದಳು. ಆದರೆ ಅದು ಮಿಶಿನ್ ನಿಂತಾಗ ಅಳುತ್ತಿತ್ತು, ಓಡಿದಾಗ ಮಲಗುತ್ತಿತ್ತು. ಹೀಗಾಗಿ ಅವ್ವ ರೊಟ್ಟಿ ತಿನ್ನುವಾಗ ನನ್ನನ್ನು ಮಿಶಿನ್ನಿನ ಮುಂದೆ ಕೂಡಿಸಿ ಬರೀ ಪೆಡಲ್ ತುಳಿಯಲು ಹೇಳುತ್ತಿದ್ದಳು. ನಾನು ಹೊಲಿಗೆ ಕಲಿತದ್ದು ಹಾಗೆ, ಕೂಸನ್ನು ಮಲಗಿಸುತ್ತ.

ಒಂದು ಮಧ್ಯಾಹ್ನ, ಕತ್ತರಿಸಿದ ಬಿಳಿ ಅಂಗಿಗಳ ತುಂಡುಗಳೆಲ್ಲ ಬಾಗಿಲ ಮೇಲೆ ಹರಡಿದ್ದಾಗ, ದೊಡ್ಡ ಮಳೆ ಬಂತು. ಮೊದಲು ಧೂಳು, ಬೆನ್ನಿಗೇ ನೀರು. ಮುಚ್ಚಲು ಬಾಗಿಲಿಲ್ಲ, ಬಾಗಿಲೆತ್ತಬೇಕೆಂದರೆ ಅದರ ಮೇಲೆ ಹಂಗಾಮಿನ ಅರ್ಧ ಕೆಲಸ ಹರಡಿದೆ. ಗಂಡಸರು ಯಾರೂ ಮನೆಯಲ್ಲಿಲ್ಲ. ಎರಚಲು ಪಡಸಾಲೆಯ ನಡುವಿನ ತನಕ ಬಂತು. ಕೆಸರಿನ ಒಂದು ಹನಿ ಬಿದ್ದರೂ ಆ ಬಿಳಿ ಬಟ್ಟೆ ಕೆಟ್ಟಂತೆಯೇ. ಅವ್ವ ತೆಕ್ಕೆ ತುಂಬ ಬಟ್ಟೆ ಎತ್ತಿಕೊಂಡು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ಅವಳು ಹಾಗೆ ದಿಕ್ಕು ತೋಚದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಗ ಒಳಗಿನಿಂದ ಕಾಕುವಿನ ಹಳೆಯ ಬಯಲಿನ ದನಿ ಕೇಳಿತು.

“ಅಕ್ಕಾ, ಇಲ್ಲಿ ತಾ. ನನ್ನ ಹೊರಸಿನ ಮ್ಯಾಲ ಹಾಕು.”

ಅವ್ವ ಆಯಿಯ ಮುಖ ನೋಡಿದಳು. ಪುರುಡಿನ್ನೂ ಕಳೆದಿರಲಿಲ್ಲ. ಮನೆದೇವರು ಬೀರೋಬಾನ ವಾರ ತಪ್ಪದೆ ಮಾಡುವ ಆಯಿ ಮಡಿ ಮೈಲಿಗೆಯಲ್ಲಿ ಬಹಳ ಕಟ್ಟುನಿಟ್ಟು. ಅವಳು ಗೋಡೆ ಹಿಡಿದು ಎದ್ದಳು, ತಡವರಿಸುತ್ತ ಬಂದು, ತಾನೇ ಇಳಿಬಿಟ್ಟ ಕಂಬಳಿಯನ್ನು ತನ್ನ ಕೈಯಿಂದಲೇ ಮೇಲಕ್ಕೆತ್ತಿ ಹಿಡಿದಳು. “ಲಗೂನ ಒಯ್ರಿ. ದೇವರಿಗೆ ನಾ ಹೇಳ್ಕೋತೀನಿ,” ಎಂದಳು. ನಾವು ಒಳಗೂ ಹೊರಗೂ ಓಡಾಡಿದೆವು. ಕಾಕು ಕೂಸನ್ನು ಎದೆಗವಚಿಕೊಂಡು ಗೋಡೆಗೆ ಸರಿದು ಕೂತಳು. ಅವಳ ಸುತ್ತ ತೋಳು, ಕಾಲರು, ಜೇಬುಗಳು ಕುತ್ತಿಗೆಯ ತನಕ ಏರಿದವು. ಆಮೇಲೆ ಅವ್ವನೂ ನಾನೂ ಗಲ್ಲಿಯ ಇಬ್ಬರು ಹೆಂಗಸರೂ ಕೂಡಿ ಬಾಗಿಲೆತ್ತಿ ನಿಲ್ಲಿಸಿ, ಬೆನ್ನು ಕೊಟ್ಟು ನಿಂತೆವು. ಮಳೆ ನಿಲ್ಲುವ ತನಕ ಕಾಕು ಒಳಗೆ ನಗುತ್ತಲೇ ಇದ್ದಳು. ಒಂದು ತುಂಡೂ ಹಾಳಾಗಲಿಲ್ಲ. ಆ ವರ್ಷ ಯಾವುದೋ ಶಾಲೆಯ ಮಕ್ಕಳು ಅಜವಾನದ ಹೊಗೆ ಕುಡಿದ ಅಂಗಿಗಳನ್ನು ತೊಟ್ಟಿರಬೇಕು. ಅವರಿಗೆ ನೆಗಡಿಯಂತೂ ಬಂದಿರಲಿಕ್ಕಿಲ್ಲ.

ಪುರುಡು ಕಳೆದು ಕೆಲ ದಿನಗಳ ಮೇಲೆ ಕಾಕುವಿನ ತಂದೆ ಬಂದ. ರುಮಾಲು, ಹೆಗಲ ಮೇಲೆ ಕರಿ ಕಂಬಳಿ, ಒಂದು ಕೈಯಲ್ಲಿ ತುಪ್ಪದ ಗಡಿಗೆ, ಇನ್ನೊಂದರಲ್ಲಿ ಅಂಟಿನುಂಡಿಗೆ ಬೇಕಾದ ಸಾಮಾನಿನ ಗಂಟು. ಬಾಗಿಲಿಲ್ಲದ ಮನೆಯ ಮುಂದೆ, ಎಲ್ಲಿ ನಿಂತು ಕರೆಯಬೇಕೆಂದು ತಿಳಿಯದೆ ಗಲ್ಲಿಯಲ್ಲೇ ನಿಂತಿದ್ದ. ಅವ್ವ ಓಡಿಹೋಗಿ ಗಂಟು ಇಸಿದುಕೊಂಡು, ನೀರು ಕೊಟ್ಟು, ಅವನನ್ನು ಒಳಗೆ ಕರೆತಂದಳು. ಅವನು ಪಡಸಾಲೆಯಲ್ಲಿದ್ದ ಮಿಶಿನ್ ನೋಡಿದ, ಟ್ರಂಕುಗಳ ಮೇಲಿನ ಬಾಗಿಲು ನೋಡಿದ, ಗಠಡಿಗಳ ಮೇಲೆ ಕೂತು ಪಾಠ ಓದುತ್ತಿದ್ದ ನನ್ನ ತಮ್ಮಂದಿರನ್ನು ನೋಡಿದ. ಕಂಬಳಿ ಸರಿಸಿ ಒಳಗೆ ಹೋಗಿ ಮಗಳನ್ನೂ ಮೊಮ್ಮಗಳನ್ನೂ ನೋಡಿ ಬಂದು ಕೂತ.

“ಯವ್ವಾ, ನಾ ಮಗಳನ್ನ ಕರಕೊಂಡು ಹೋಗಾಕ ಬಂದಿದ್ದೆ,” ಎಂದ. “ಮನಿ ಸಣ್ಣದು, ಅಕೀಗೆ ಜಾಗಾ ಇಲ್ಲ ಅಂತ ಮಂದಿ ಹೇಳಿದ್ರು. ನಿಮ್ಮ ಜಾಗಾ ಎಲ್ಲಾ ಅಕೀಗೇ ಕೊಟ್ಟು ಕುಂತೀರಿ.”

ಅವ್ವ ಎದ್ದು ಊಟದ ಗಂಗಾಳ ತಂದಳು. ಅವನಿಗೆ ಊಟಕ್ಕೆ ಬಡಿಸಲು ಬಾಗಿಲ ಮೇಲಿನ ಬಟ್ಟೆ ಒಂದಿಷ್ಟು ಸರಿಸಿದಳು. ಅವನು ಗಂಗಾಳದ ಮುಂದೆ ಕೂತು, ಹಲಗೆಯನ್ನು ಕೈಯಿಂದ ಸವರಿ, ಬಾಗಿಲಿಲ್ಲದ್ದು ನಮ್ಮ ಹಟ್ಟಿಯೊಂದೇ ಎಂದುಕೊಂಡಿದ್ದೆ ಎಂದು ನಕ್ಕ. ಉಂಡೆದ್ದು, ಮೊಮ್ಮಗಳ ಹಣೆಗೆ ಬೀರೋಬಾನ ಭಂಡಾರ ಹಚ್ಚಿ, ಒಬ್ಬನೇ ದುಧನಿಯ ಗಾಡಿ ಹತ್ತಿ ಹೋದ.

ಆಮೇಲೆ ಆ ಮನೆ ಇನ್ನೂ ತುಂಬಿತು, ಹಾಗೆಯೇ ನಿಧಾನವಾಗಿ ಬರಿದಾಯಿತು. ಕಾಕುವಿಗೆ ಇನ್ನೊಂದು ಮಗುವಾಯಿತು, ಎರಡನೆಯ ಮಿಶಿನ್ ಬಂತು, ಆಯಿ ತೀರಿಕೊಂಡಳು. ಕಾಕಾ ಹೋಟಗಿ ರಸ್ತೆಯಲ್ಲಿ ಮನೆ ಕಟ್ಟಿಸಿದ. ಅಪ್ಪನೂ ಹೋದ ಮೇಲೆ ಗಲ್ಲಿಯ ಮನೆಗಳನ್ನೆಲ್ಲ ಕೆಡವಿ ರಸ್ತೆ ಅಗಲ ಮಾಡಿದರು. ಈಗ ಅಲ್ಲಿ ಹೋಗಿ ನಿಂತರೆ ಪಡಸಾಲೆ ಯಾವುದು, ಒಳಕೋಣೆ ಯಾವುದು ಎಂದು ಹೇಳಲಾಗುವುದಿಲ್ಲ. ರಸ್ತೆಯ ಅಗಲ ನೋಡಿದರೆ ನಮ್ಮ ಮನೆ ಅಷ್ಟು ಚಿಕ್ಕದಿತ್ತೇ ಎಂದು ನನಗೇ ನಂಬಿಕೆಯಾಗುವುದಿಲ್ಲ.

ಅವ್ವನ ಕಡೆಯ ದಿನಗಳಲ್ಲಿ ನಾನೂ ತಮ್ಮಂದಿರೂ ನಮ್ಮ ನಮ್ಮ ಮನೆಗೆ ಕರೆದೆವು. ಕಾಕು ಯಾರ ಮಾತನ್ನೂ ಕೇಳದೆ ತನ್ನ ಮನೆಗೇ ಒಯ್ದಳು. ನಾಲ್ಕು ಕೋಣೆಯ ಮನೆ, ಅವ್ವನಿಗೇ ಒಂದು ಕೋಣೆ, ಅದಕ್ಕೆ ಎರಡು ಕಿಟಕಿ. ಇಷ್ಟು ಜಾಗದಲ್ಲಿ ನಿದ್ದೆ ಬರುವುದಿಲ್ಲ ಎಂದು ಅವ್ವ ಮೊದಲ ದಿನವೇ ಹೇಳಿದಳಂತೆ. ಅಂದಿನಿಂದ ಕಾಕು ತನ್ನ ಹಾಸಿಗೆಯನ್ನು ಅಲ್ಲೇ ನೆಲಕ್ಕೆ ಹಾಕಿಕೊಂಡಳು. ಆ ಜೂನಿನಲ್ಲಿ ಹುಟ್ಟಿದ ಹುಡುಗಿ ಗೌರಿಯೂ ಗಂಡನ ಮನೆಯಿಂದ ಬಂದಾಗಲೆಲ್ಲ ಅಲ್ಲಿಯೇ ಮಲಗುತ್ತಿದ್ದಳು.

ಅವ್ವನನ್ನು ನಮ್ಮೂರ ಹೊಲದಲ್ಲಿ, ಆಯಿಯ ಪಕ್ಕದಲ್ಲಿ ಮಣ್ಣು ಮಾಡಿ ಅಕ್ಕಲಕೋಟೆಯ ದಾರಿಯಿಂದ ಕಾಕುವಿನ ಮನೆಗೆ ತಿರುಗಿ ಬಂದಾಗ ಮಧ್ಯಾಹ್ನವಾಗಿತ್ತು. ಎಲ್ಲರೂ ದಣಿದಿದ್ದೆವು. ಯಾರಿಗೆ ಬೇಕಾದ ಕೋಣೆಯಲ್ಲಿ ಅವರು ಮಲಗಬಹುದಿತ್ತು. ಆದರೆ ಒಬ್ಬೊಬ್ಬರಾಗಿ ಅವ್ವನ ಕೋಣೆಗೇ ಬಂದೆವು: ನಾನು, ತಮ್ಮಂದಿರು, ಕಾಕು, ಗೌರಿ. ಕಾಕಾ ಗೋಡೆಗೊರಗಿ ಕೂತ. ಹೊರಸನ್ನು ಹೊರಗಿಟ್ಟು ನೆಲಕ್ಕೆ ಚಾದರ ಹಾಸಿ, ಚಿಕ್ಕಂದಿನಲ್ಲಿ ಮಲಗುತ್ತಿದ್ದಂತೆ ಒತ್ತಾಗಿ ಮಲಗಿದೆವು. ಒಬ್ಬರ ತೋಳು ಒಬ್ಬರಿಗೆ ತಾಗುತ್ತಿತ್ತು. ಕಾಕುವಿಗೂ ನನಗೂ ನಡುವೆ ಮಾತ್ರ ಒಬ್ಬರು ಮಲಗುವಷ್ಟು ಜಾಗ ಹಾಗೇ ಉಳಿದಿತ್ತು. ಅಲ್ಲಿಗೆ ಯಾರೂ ಸರಿಯಲಿಲ್ಲ.